ಇನ್‌ಸ್ಟ್ರಕ್ಷನಲ್ ಡಿಸೈನ್ ಕಲಿಯೋಕೆ ದಪ್ಪ ಪಠ್ಯಪುಸ್ತಕದಿಂದಲೇ ಶುರು ಮಾಡಬೇಕಾ?

ಇನ್‌ಸ್ಟ್ರಕ್ಷನಲ್ ಡಿಸೈನ್, ಅಂದರೆ ತರಬೇತಿ ಕೋರ್ಸ್‌ಗಳನ್ನು ರೂಪಿಸುವ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ‘ಯಾವ ಪುಸ್ತಕ ಓದಲಿ?’ ಅಂತ. ಒಂದು ಒಳ್ಳೆಯ ಪಠ್ಯಪುಸ್ತಕ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿ ಅನ್ನುವವರಿದ್ದಾರೆ. ಅದನ್ನು ಸದ್ಯಕ್ಕೆ ಕಪಾಟಿನಲ್ಲೇ ಬಿಡಿ, ಕೆಲಸ ಶುರು ಮಾಡಿ ಅನ್ನುವವರೂ ಇದ್ದಾರೆ. ಎರಡೂ ವಾದಗಳು ಇಲ್ಲಿವೆ.

ಪರ: ಒಂದು ಪುಸ್ತಕ ಹಿಡಿಯಿರಿ, ಪೂರ್ತಿ ಮುಗಿಸಿ

‘ಒಂದು ಕೋರ್ಸ್ ಮಾಡಿಕೊಡಿ’ ಅಂತ ಯಾರಾದರೂ ಹೇಳಿದ ತಕ್ಷಣ ಹೊಸಬರು ಏನು ಮಾಡುತ್ತಾರೆ? ಸ್ಲೈಡ್ ತೆರೆಯುತ್ತಾರೆ. ಶೀರ್ಷಿಕೆ ಹಾಕುತ್ತಾರೆ, ಬಣ್ಣ ಆರಿಸುತ್ತಾರೆ, ಕೈಗೆ ಸಿಕ್ಕ ಮಾಹಿತಿಯನ್ನೆಲ್ಲ ತುಂಬುತ್ತಾರೆ. ಕೊನೆಗೆ ಸಮಯ ಉಳಿದಿದ್ದರೆ ಐದು ಪ್ರಶ್ನೆಗಳ ಒಂದು ಕ್ವಿಜ್ ಅಂಟಿಸುತ್ತಾರೆ.

ವಾಲ್ಟರ್ ಡಿಕ್ ಮತ್ತು ಲೂ ಕ್ಯಾರಿ ಅವರ ‘ದಿ ಸಿಸ್ಟಮ್ಯಾಟಿಕ್ ಡಿಸೈನ್ ಆಫ್ ಇನ್‌ಸ್ಟ್ರಕ್ಷನ್’ ಮೊದಲು ಬಂದಿದ್ದು 1978ರಲ್ಲಿ. ಇವತ್ತಿಗೂ ಅದನ್ನು ಓದಿ ಎಂದು ಹೇಳಲು ನನಗೆ ಒಂದೇ ಕಾರಣ ಸಾಕು. ಈ ಕ್ರಮವನ್ನು ಅದು ತಲೆಕೆಳಗು ಮಾಡುತ್ತದೆ. ಮೊದಲು ಗುರಿ ಏನು ಅಂತ ತೀರ್ಮಾನಿಸಬೇಕು. ಆ ಗುರಿ ಮುಟ್ಟಲು ಯಾವ ಯಾವ ಸಣ್ಣ ಕೌಶಲಗಳು ಬೇಕು ಎಂದು ಬಿಡಿಸಬೇಕು. ಅವುಗಳಲ್ಲಿ ಕಲಿಯುವವರಿಗೆ ಈಗಾಗಲೇ ಬರುವುದೆಷ್ಟು ಎಂದು ಗೆರೆ ಎಳೆಯಬೇಕು. ಆಮೇಲೆ ಆಬ್ಜೆಕ್ಟಿವ್, ಅಂದರೆ ಕಲಿತ ಮೇಲೆ ಏನು ಮಾಡಬಲ್ಲರು ಎಂದು ಹೇಳುವ ವಾಕ್ಯ. ಅದರ ಬೆನ್ನಿಗೇ ಪರೀಕ್ಷೆಯ ಪ್ರಶ್ನೆಗಳು. ಹೇಗೆ ಕಲಿಸುವುದು ಅನ್ನುವ ಮಾತು ಬರುವುದು ಅದಾದ ಮೇಲೆ. ಸ್ಲೈಡ್ ಇನ್ನೂ ದೂರ. ಹೊಸಬರಿಗೆ ಇದು ಸಹಜವಾಗಿ ಹೊಳೆಯುವುದಿಲ್ಲ. ಯಾರಾದರೂ ಕೂರಿಸಿ ಹೇಳಿಕೊಡಬೇಕು.

ಹತ್ತಿರದಿಂದ ನೋಡೋಣ. ಗ್ರಾಹಕರು ವಾಪಸ್ ತಂದ ವಸ್ತುವಿಗೆ ಹಣ ಮರಳಿಸುವುದನ್ನು ಕೌಂಟರ್ ಸಿಬ್ಬಂದಿಗೆ ಕಲಿಸಬೇಕು ಅಂದುಕೊಳ್ಳಿ. ಹೊಸಬರು ಬರೆಯುವ ಆಬ್ಜೆಕ್ಟಿವ್ ಹೀಗಿರುತ್ತದೆ: ‘ಸಿಬ್ಬಂದಿ ರಿಫಂಡ್ ನೀತಿಯನ್ನು ಅರ್ಥಮಾಡಿಕೊಳ್ಳುತ್ತಾರೆ.’ ಅರ್ಥವಾಗಿದೆ ಅಂತ ಗೊತ್ತಾಗುವುದು ಹೇಗೆ? ರಾಬರ್ಟ್ ಮೇಗರ್ 1962ರಲ್ಲೇ ಇದಕ್ಕೆ ಮೂರು ಪ್ರಶ್ನೆ ಕೊಟ್ಟರು. ಕಲಿತವರು ಏನು ಮಾಡಿ ತೋರಿಸುತ್ತಾರೆ? ಯಾವ ಪರಿಸ್ಥಿತಿಯಲ್ಲಿ? ಎಷ್ಟು ಚೆನ್ನಾಗಿ ಮಾಡಿದರೆ ಸಾಕು? ಈ ಪ್ರಶ್ನೆಗಳಿಗೆ ಉತ್ತರಿಸಿ ತಿದ್ದಿದರೆ ಅದೇ ವಾಕ್ಯ ಹೀಗಾಗುತ್ತದೆ: ‘ಬಿಲ್ ಮತ್ತು ವಸ್ತುವನ್ನು ಕೈಗೆ ಕೊಟ್ಟಾಗ, ನೀತಿಯ ಹಾಳೆ ನೋಡಿಕೊಂಡು, ಹಣ ಕೊಡಬೇಕೋ, ಬದಲಿ ವಸ್ತು ಕೊಡಬೇಕೋ, ಆಗುವುದಿಲ್ಲ ಅನ್ನಬೇಕೋ ಎಂದು ಹತ್ತು ಪ್ರಕರಣಗಳಲ್ಲಿ ಒಂಬತ್ತರಲ್ಲಾದರೂ ಸರಿಯಾಗಿ ತೀರ್ಮಾನಿಸುತ್ತಾರೆ.’

ಈ ವಾಕ್ಯ ಬರೆದ ಮೇಲೆ ಎಷ್ಟು ಸ್ಲೈಡ್‌ಗಳು ಬೇಡವಾಗುತ್ತವೆ ನೋಡಿ. ಸಂಸ್ಥೆಯ ರಿಫಂಡ್ ನೀತಿ ಬೆಳೆದು ಬಂದ ಬಗೆ ಬೇಡ. ಮುಖ್ಯಸ್ಥರ ಸಂದೇಶ ಬೇಡ. ಹಾಳೆ ಕೈಯಲ್ಲೇ ಇರುತ್ತದಾದ್ದರಿಂದ ನಿಯಮಗಳನ್ನು ಬಾಯಿಪಾಠ ಮಾಡಿಸುವುದೂ ಬೇಡ. ಬೇಕಾಗಿರುವುದು ಹತ್ತಿಪ್ಪತ್ತು ಪ್ರಕರಣಗಳು. ಪರೀಕ್ಷೆಯ ಪ್ರಶ್ನೆಯೂ ಅಲ್ಲೇ ಸಿಕ್ಕಿತು. ರಾಬರ್ಟ್ ಗಾನ್ಯೆ 1965ರಲ್ಲಿ ಕಲಿಕೆಯ ಬಗೆಗಳನ್ನು ಬೇರೆ ಬೇರೆ ಮಾಡಿ ತೋರಿಸಿದ್ದು ಇದಕ್ಕೇ. ಹೆಸರು ನೆನಪಿಡುವುದನ್ನು ಕಲಿಸುವ ರೀತಿ ಒಂದು, ನಿಯಮ ಬಳಸಿ ತೀರ್ಮಾನ ಮಾಡುವುದನ್ನು ಕಲಿಸುವ ರೀತಿ ಇನ್ನೊಂದು.

‘ಎಡಿಡಿಐಇ ಗೊತ್ತಿದೆಯಲ್ಲ, ಸಾಲದಾ?’ ಅನ್ನುತ್ತಾರೆ. ಕೋರ್ಸ್ ರೂಪಿಸುವ ಐದು ಹಂತಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳು (ADDIE) ಅವು: ವಿಶ್ಲೇಷಣೆ, ವಿನ್ಯಾಸ, ತಯಾರಿಕೆ, ಜಾರಿ, ಮೌಲ್ಯಮಾಪನ. ಇದರ ಬೇರು ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿ 1975ರಲ್ಲಿ ಅಮೆರಿಕದ ಸೇನೆಗಾಗಿ ರೂಪಿಸಿದ ತರಬೇತಿ ಪದ್ಧತಿಯಲ್ಲಿದೆ. ಮೈಕೆಲ್ ಮೊಲೆಂಡಾ ಇದರ ಮೂಲ ಹುಡುಕಲು ಹೋಗಿ, ಇದಕ್ಕೆ ಇಂಥವರೇ ಕರ್ತೃ ಎಂದು ತೋರಿಸಬಹುದಾದ ಮೂಲಗ್ರಂಥವೇ ಇಲ್ಲ ಎಂದು 2003ರಲ್ಲಿ ಬರೆದರು. ಐದು ಅಕ್ಷರಗಳು ಹಂತಗಳ ಹೆಸರು ಹೇಳುತ್ತವೆ, ಅಷ್ಟೇ. ವಿಶ್ಲೇಷಣೆ ಅಂದರೆ ಬೆಳಿಗ್ಗೆ ಕೂತು ಏನು ಮಾಡಬೇಕು ಅಂತ ಹೇಳುವುದು ಪಠ್ಯಪುಸ್ತಕ.

ಇಲ್ಲಿ ಓಡಾಡುವ ಸುಳ್ಳುಗಳ ಮಾತೂ ಇದೆ. ‘ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ’ ಅನ್ನುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಎಡ್ಗರ್ ಡೇಲ್ 1946ರಲ್ಲಿ ಪ್ರಕಟಿಸಿದ ‘ಅನುಭವದ ಶಂಕು’ವಿನಲ್ಲಿ ಈ ಶೇಕಡಾ ಲೆಕ್ಕ ಇರಲೇ ಇಲ್ಲ. ಆಮೇಲೆ ಯಾರೋ ಅಂಟಿಸಿದ್ದು. ಒಬ್ಬರು ನೋಡಿ ಕಲಿಯುತ್ತಾರೆ, ಇನ್ನೊಬ್ಬರು ಕೇಳಿ ಕಲಿಯುತ್ತಾರೆ, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ ಎಂದು 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ವಿವರವಾಗಿ ತೋರಿಸಿದರು. ಅಲ್ಲೊಂದು ವಿಡಿಯೋ, ಇಲ್ಲೊಂದು ಲೇಖನ ಅಂತ ಹೆಕ್ಕಿ ಕಲಿಯುವವರಿಗೆ ಇಂಥವು ಮೊದಲು ಸಿಗುತ್ತವೆ, ನಿಜ ಆಮೇಲೆ ಸಿಗುತ್ತದೆ.

ಹಾಗಾದರೆ ಆರಿಸುವುದು ಹೇಗೆ? ನಾನು ಮೊದಲು ಆಬ್ಜೆಕ್ಟಿವ್‌ಗಳ ಅಧ್ಯಾಯ ತೆರೆಯುತ್ತೇನೆ. ಆ ಅಧ್ಯಾಯವೇ ಒಂದು ಆಬ್ಜೆಕ್ಟಿವ್‌ನಿಂದ ಶುರುವಾಗಿ, ಕೊನೆಗೆ ಅಭ್ಯಾಸ ಕೊಟ್ಟು, ಉತ್ತರವನ್ನೂ ಕೊಡುತ್ತದೆಯೇ? ಕಲಿಸುವುದು ಹೇಗೆ ಅಂತ ಹೇಳುವ ಪುಸ್ತಕಕ್ಕೆ ತಾನೇ ಕಲಿಸಲು ಬಾರದಿದ್ದರೆ ಅಲ್ಲೇ ಮುಚ್ಚಿಡಿ. ಆಮೇಲೆ, ಒಂದೇ ಉದಾಹರಣೆ ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಯುತ್ತಾ ಹೋಗುತ್ತದೆಯೇ ಅಂತ ನೋಡುತ್ತೇನೆ. ಹೊಸಬರಿಗೆ ಬಿಡಿಸಿ ತೋರಿಸಿದ ಉದಾಹರಣೆಗಳಿಂದ ಜಾಸ್ತಿ ಲಾಭ ಎಂದು ಜಾನ್ ಸ್ವೆಲರ್ ಅವರ ಕಾಗ್ನಿಟಿವ್ ಲೋಡ್ (ಕಲಿಯುವಾಗ ಮನಸ್ಸಿನ ಮೇಲೆ ಬೀಳುವ ಹೊರೆ) ಸಂಶೋಧನೆ ತೋರಿಸಿದೆ. ಡಿಕ್–ಕ್ಯಾರಿ ಇದರಲ್ಲಿ ಪಾಸು. ಮಾರಿಸನ್, ರಾಸ್ ಮತ್ತು ಕೆಂಪ್ ಅವರ ಪುಸ್ತಕ ಕ್ರಮದ ವಿಷಯದಲ್ಲಿ ಅಷ್ಟು ಬಿಗಿಯಲ್ಲ, ಎಲ್ಲಿಂದ ಬೇಕಾದರೂ ಹೊಕ್ಕಬಹುದು. ಆದರೆ ಹೊಸಬರಿಗೆ ಸ್ವಲ್ಪ ಬಿಗಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಳೆಯ ಆವೃತ್ತಿ ಸಿಕ್ಕರೂ ಚಿಂತೆಯಿಲ್ಲ. ತಂತ್ರಜ್ಞಾನದ ಪುಟಗಳು ಹಳತಾಗಿರುತ್ತವೆ, ಹಾರಿಸಿ.

ಒಣ ಪುಸ್ತಕ, ಹೌದು. ಓದುವಾಗ ನಿದ್ದೆ ಬರುತ್ತದೆ, ಅದೂ ನಿಜ. ಬರೀ ಪುಸ್ತಕದ ಬದನೆಕಾಯಿ ಅಂತ ಆಡಿಕೊಳ್ಳುವವರು ಒಂದು ಪ್ರಾಜೆಕ್ಟನ್ನು ಪಕ್ಕದಲ್ಲಿಟ್ಟುಕೊಂಡು ಅಧ್ಯಾಯಕ್ಕೊಂದು ಹೆಜ್ಜೆ ಮಾಡುತ್ತಾ ಓದಿದ್ದಾರಾ ಅಂತ ಕೇಳಿ ನೋಡಿ.

ವಿರೋಧ: ಮೊದಲು ಕೆಲಸಕ್ಕೆ ಇಳಿಯಿರಿ, ಬೇಕಾದಾಗ ಬೇಕಾದ ಪುಟ ತೆರೆಯಿರಿ

ಮೇಲಿನ ರಿಫಂಡ್ ಉದಾಹರಣೆ ಚೆನ್ನಾಗಿದೆ. ಅದನ್ನೇ ಮುಂದುವರಿಸುತ್ತೇನೆ.

ನಿಜ ಜೀವನದಲ್ಲಿ ಗುರಿಯನ್ನು ಯಾರೂ ಹಾಗೆ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ. ಮ್ಯಾನೇಜರ್ ಬಂದು, ‘ಕೌಂಟರ್‌ನವರು ರಿಫಂಡಲ್ಲಿ ಸಿಕ್ಕಾಪಟ್ಟೆ ತಪ್ಪು ಮಾಡ್ತಿದ್ದಾರೆ. ಒಂದು ಕೋರ್ಸ್ ಮಾಡಿ, ಮುಂದಿನ ವಾರ ಬೇಕು’ ಅನ್ನುತ್ತಾರೆ. ಜೊತೆಗೆ ಎಂಬತ್ತು ಸ್ಲೈಡ್‌ಗಳ ಹಳೆಯ ಫೈಲ್ ಒಂದನ್ನು ಕಳಿಸುತ್ತಾರೆ. ನೀವು ಹೋಗಿ ಕೌಂಟರ್ ಪಕ್ಕ ಒಂದು ಗಂಟೆ ನಿಲ್ಲುತ್ತೀರಿ. ಸಿಬ್ಬಂದಿಗೆ ನೀತಿ ಚೆನ್ನಾಗಿಯೇ ಗೊತ್ತು. ಎಡವಟ್ಟಾಗುತ್ತಿರುವುದು ಬೇರೆ ಕಡೆ. ಬಿಲ್ಲಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಕಂಪ್ಯೂಟರ್ ಪರದೆಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಗಡಿಬಿಡಿಯಲ್ಲಿ ವಸ್ತು ವಾಪಸ್ ತರಲು ಇರುವ 30 ದಿನದ ಗಡುವಿನ ಲೆಕ್ಕ ತಪ್ಪುತ್ತಿದೆ. ಇದಕ್ಕೆ ಕೋರ್ಸ್ ಯಾಕೆ? ಪರದೆ ಸರಿಮಾಡಿಸಿ. ಅದಕ್ಕೆ ತಡವಾಗುತ್ತದೆ ಅಂದರೆ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ. ಆ ಒಂಬತ್ತು-ಹತ್ತರ ಚೆಂದದ ಆಬ್ಜೆಕ್ಟಿವ್ ಇಲ್ಲಿ ಬೇಕಾಗಲೇ ಇಲ್ಲ.

ಪಠ್ಯಪುಸ್ತಕಗಳು ಇದನ್ನು ಹೇಳುವುದಿಲ್ಲ ಅಂತ ನಾನು ಅನ್ನುತ್ತಿಲ್ಲ. ಡಿಕ್–ಕ್ಯಾರಿಯ ಈಚಿನ ಆವೃತ್ತಿಗಳಲ್ಲಿ ಇದಕ್ಕೆ ಶುರುವಿನಲ್ಲೇ ಜಾಗವಿದೆ. ಅದೇ ಮೇಗರ್, ಪೀಟರ್ ಪೈಪ್ ಜೊತೆ ಸೇರಿ 1970ರಲ್ಲಿ ಇದರ ಮೇಲೇ ಒಂದು ತೆಳು ಪುಸ್ತಕ ಬರೆದರು. ಪ್ರಾಣಕ್ಕೇ ಬಂದರೆ ಇವರು ಈ ಕೆಲಸ ಮಾಡಬಲ್ಲರಾ ಅಂತ ಕೇಳಿಕೊಳ್ಳಿ, ಮಾಡಬಲ್ಲರು ಅಂತಾದರೆ ಕೊರತೆ ಕಲಿಕೆಯದ್ದಲ್ಲ ಅನ್ನುವುದು ಅದರ ತಿರುಳು. ಆದರೆ ಹೊಸಬರು ಆ ಅಧ್ಯಾಯವನ್ನು ಓದುವ ರೀತಿ ಗೊತ್ತಲ್ಲ? ಹಳದಿ ಗೆರೆ ಎಳೆದು ಮುಂದೆ ಹೋಗುತ್ತಾರೆ. ಕೋರ್ಸ್ ಬೇಕು ಅಂತ ಆಗಲೇ ತೀರ್ಮಾನಿಸಿ ಬಂದ ಮ್ಯಾನೇಜರ್ ಎದುರು ಕೂತು ‘ಸರ್, ಒಂದು ಗಂಟೆ ಕೌಂಟರ್ ನೋಡಿ ಬರಲಾ?’ ಅಂತ ಕೇಳಬೇಕಾದಾಗ ಮಾತ್ರ ಆ ಪುಟದ ಬೆಲೆ ತಿಳಿಯುತ್ತದೆ. ಆಗ ತೆರೆಯಿರಿ. ಇಪ್ಪತ್ತು ನಿಮಿಷದ ಓದು.

ನನಗೆ ನಗು ತರಿಸುವ ಸಂಗತಿ ಒಂದಿದೆ. ಡೇವಿಡ್ ಮೆರಿಲ್ 2002ರಲ್ಲಿ ಹತ್ತಾರು ಸಿದ್ಧಾಂತಗಳನ್ನು ಸೋಸಿ ಐದು ಮೂಲ ತತ್ವಗಳನ್ನು ಮುಂದಿಟ್ಟರು. ಅವುಗಳ ನಡುಮಧ್ಯೆ ಇರುವುದು ನಿಜವಾದ ಸಮಸ್ಯೆ. ಕಲಿಯುವವರು ಒಂದು ನಿಜವಾದ ಸಮಸ್ಯೆ ಬಿಡಿಸುತ್ತಾ ಹೋದರೆ ಕಲಿಕೆ ಚೆನ್ನಾಗಿ ಆಗುತ್ತದೆ ಅನ್ನುತ್ತದೆ ಈ ಕ್ಷೇತ್ರ. ಅದೇ ಕ್ಷೇತ್ರದ ಎಷ್ಟೋ ಪಠ್ಯಪುಸ್ತಕಗಳು ಮೊದಲ ಅಧ್ಯಾಯದಲ್ಲಿ ವ್ಯಾಖ್ಯಾನ, ಇತಿಹಾಸ, ಬಾಣಗಳಿಂದ ತುಂಬಿದ ಒಂದು ಚಿತ್ರ ಇಟ್ಟುಕೊಂಡು ಕೂತಿರುತ್ತವೆ.

ಬಿಡಿಸಿದ ಉದಾಹರಣೆಯಿಂದ ಹೊಸಬರಿಗೆ ಲಾಭ ಅನ್ನುವುದು ಸರಿ. ಯಾವ ಹೊಸಬರಿಗೆ? ಈ ಕೆಲಸಕ್ಕೆ ಬರುವವರಲ್ಲಿ ಅನೇಕರು ವರ್ಷಗಟ್ಟಲೆ ಪಾಠ ಮಾಡಿದ ಟೀಚರ್‌ಗಳು, ತರಬೇತುದಾರರು, ಕೈಪಿಡಿ ಬರೆಯುತ್ತಿದ್ದವರು. ಅರ್ಧ ದಾರಿ ಆಗಲೇ ಬಂದಿರುತ್ತಾರೆ. ಬಲ್ಲವರಿಗೆ ಹೆಜ್ಜೆ ಹೆಜ್ಜೆಗೂ ಕೈಹಿಡಿದು ನಡೆಸಿದರೆ ಅದೇ ಅಡ್ಡಿಯಾಗುತ್ತದೆ ಅಂತ ತೋರಿಸಿದ್ದೂ ಅದೇ ಕಾಗ್ನಿಟಿವ್ ಲೋಡ್ ಸಂಶೋಧಕರೇ. ಕಲಿಯುವವರಿಗೆ ಈಗಾಗಲೇ ಬರುವುದೆಷ್ಟು ಅಂತ ಗೆರೆ ಎಳೆಯಿರಿ ಅಂದವರು ಓದುಗರ ವಿಷಯದಲ್ಲಿ ಆ ಗೆರೆ ಮರೆತರು, ಅಲ್ವಾ?

ಸುಳ್ಳುಗಳ ವಿಷಯದಲ್ಲಿ ಪರ ವಾದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಆ ಮದ್ದು ಇರುವುದು ಹಂತಗಳನ್ನು ಕಲಿಸುವ ದಪ್ಪ ಪುಸ್ತಕದಲ್ಲಲ್ಲ. ರೂತ್ ಕ್ಲಾರ್ಕ್ ಮತ್ತು ರಿಚರ್ಡ್ ಮೇಯರ್ ಅವರ ‘ಇ-ಲರ್ನಿಂಗ್ ಅಂಡ್ ದಿ ಸೈನ್ಸ್ ಆಫ್ ಇನ್‌ಸ್ಟ್ರಕ್ಷನ್’ನಲ್ಲಿದೆ. ಮೊದಲ ಆವೃತ್ತಿ 2003ರದು. ಅದನ್ನೂ ಕಾದಂಬರಿಯಂತೆ ಓದಬೇಡಿ. ನಿಮ್ಮ ಸ್ಟೋರಿಬೋರ್ಡ್ (ಪ್ರತಿ ಪರದೆಯಲ್ಲಿ ಏನು ಕಾಣಬೇಕು, ಏನು ಕೇಳಬೇಕು ಎಂದು ಬರೆದ ಕರಡು) ಪಕ್ಕ ಇಟ್ಟುಕೊಳ್ಳಿ. ಎಡ ಕಾಲಮ್ಮಿನಲ್ಲಿ ಪರದೆಯ ಮೇಲೆ ಬರುವ ಅರವತ್ತು ಪದಗಳ ಪ್ಯಾರಾ ಇದೆ. ಬಲ ಕಾಲಮ್ಮಿನಲ್ಲಿ ಧ್ವನಿ. ಅದೇ ಅರವತ್ತು ಪದ, ಅಕ್ಷರ ಬಿಡದೆ. ಈಗ ರಿಡಂಡೆನ್ಸಿ, ಅಂದರೆ ಅನಗತ್ಯ ಪುನರಾವರ್ತನೆಯ ಅಧ್ಯಾಯ ತೆರೆಯಿರಿ. ಚಿತ್ರ ತೋರಿಸಿ ಮಾತಿನಲ್ಲಿ ವಿವರಿಸುತ್ತಿರುವಾಗ ಅದೇ ಮಾತನ್ನು ಅಕ್ಷರದಲ್ಲೂ ಹಾಕಿದರೆ ಕಣ್ಣು ಚಿತ್ರ ನೋಡುವುದೋ ಅಕ್ಷರ ಓದುವುದೋ ತಿಳಿಯದೆ ಒದ್ದಾಡುತ್ತದೆ. ಪ್ಯಾರಾ ತೆಗೆದುಹಾಕಿ. ಬಿಲ್ಲಿನ ಫೋಟೋ ಇಡಿ. ದಿನಾಂಕ, ಬಿಲ್ ನಂಬರ್, ಮೊತ್ತ ಅಂತ ಮೂರು ಗುರುತು ಹಾಕಿ. ಅದೇ ಅಧ್ಯಾಯದಲ್ಲಿ ಇನ್ನೂ ಸ್ವಲ್ಪ ಓದಿದರೆ ವಿನಾಯಿತಿಯೂ ಸಿಗುತ್ತದೆ. ಕೇಳುವವರಿಗೆ ಆ ಭಾಷೆ ಅಷ್ಟಾಗಿ ಬಾರದಿದ್ದರೆ ಅಕ್ಷರ ಬೇಕಾಗಬಹುದು. ಸುಮ್ನೆ ಓದಿಕೊಂಡು ಹೋದವರಿಗೆ ತತ್ವದ ಹೆಸರು ನೆನಪಿರುತ್ತದೆ, ವಿನಾಯಿತಿ ಮರೆತುಹೋಗಿರುತ್ತದೆ.

ಪುಸ್ತಕ ಬೇಕೇ ಬೇಕು ಅನ್ನುವವರಿಗೆ ಜೂಲಿ ಡರ್ಕ್ಸನ್ ಅವರ ‘ಡಿಸೈನ್ ಫಾರ್ ಹೌ ಪೀಪಲ್ ಲರ್ನ್’ ಸಾಕು. ಮೊದಲು ಬಂದಿದ್ದು 2011ರಲ್ಲಿ. ತುಂಬ ಚಿತ್ರಗಳಿವೆ, ಭಾಷೆ ತಿಳಿ. ಕೊರತೆ ಇರುವುದು ತಿಳಿವಳಿಕೆಯದ್ದೋ, ಕೌಶಲದ್ದೋ, ಮನಸ್ಸಿನದ್ದೋ, ಸುತ್ತಲಿನ ವ್ಯವಸ್ಥೆಯದ್ದೋ ಎಂದು ಬೇರೆ ಮಾಡಿ ನೋಡಲು ಅದು ಶುರುವಿನಲ್ಲೇ ಹೇಳಿಕೊಡುತ್ತದೆ. ಆ ದಿನಾಂಕದ ಪರದೆ ಕೊನೆಯ ಗುಂಪಿಗೆ ಸೇರಿದ್ದು. ದುಡ್ಡು ಖರ್ಚು ಮಾಡುವುದು ಬೇಡ ಅಂದರೆ ರಿಚರ್ಡ್ ವೆಸ್ಟ್ 2018ರಲ್ಲಿ ಸಂಪಾದಿಸಿದ ಮುಕ್ತ ಪಠ್ಯಪುಸ್ತಕ ಆನ್‌ಲೈನಿನಲ್ಲಿ ಉಚಿತ. ಬೇಕಾದ ಅಧ್ಯಾಯ ಮಾತ್ರ ತೆಗೆದು ಓದಬಹುದು. ಇನ್ನು, ಸ್ನಾತಕೋತ್ತರ ಪದವಿ ಮಾಡುವವರು, ವಿಮಾನ ಹಾರಾಟದಂಥ ಕಡೆ ಪ್ರತಿ ಹೆಜ್ಜೆಗೂ ದಾಖಲೆ ಕೊಡಬೇಕಾದವರು ದಪ್ಪ ಪುಸ್ತಕ ಓದಲಿ. ಅವರಿಗೆ ಬೇರೆ ದಾರಿಯೂ ಇಲ್ಲ.

ದಪ್ಪ ಪುಸ್ತಕ ಹೇಗೂ ಕೈಗೆ ಬಂದಿದೆ ಅಂದರೆ ಹಿಂದಿನಿಂದ ತೆರೆಯಿರಿ. ಕರಡು ಸಾಮಗ್ರಿಯನ್ನು ಒಬ್ಬೊಬ್ಬರೇ ಕಲಿಯುವವರ ಮುಂದಿಟ್ಟು ಪರೀಕ್ಷಿಸುವುದು ಹೇಗೆ ಅನ್ನುವ ಅಧ್ಯಾಯ ಅಲ್ಲಿರುತ್ತದೆ. ಅಷ್ಟು ದೂರ ತಲುಪುವ ಹೊತ್ತಿಗೆ ಓದುಗರು ಸುಸ್ತಾಗಿರುತ್ತಾರೆ, ಡೆಡ್‌ಲೈನ್ ಕೂಡ ಬಂದಿರುತ್ತದೆ. ಹಾಗಾಗಿ ಎಲ್ಲರೂ ಹಾರಿಸುವುದು ಅದನ್ನೇ. ನೀವು ಅದನ್ನೇ ಮೊದಲು ಓದಿ. ಕಾಗದದ ಮೇಲೆ ಗೀಚಿದ ಕರಡಾದರೂ ಸರಿ, ಕೌಂಟರಿನ ಒಬ್ಬರ ಪಕ್ಕ ಕೂತು ಅವರು ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೊಳ್ಳಿ. ವಿವರಿಸಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಿ. ತಿದ್ದಿದ ಮೇಲೆ ಇನ್ನೊಬ್ಬರನ್ನು ಕರೆಯಿರಿ.