50 ಮೀಟರ್ ದೂರದ ತಿಮಿಂಗಿಲ, ಹಿತ್ತಲ ಮರದ ಹೆಜ್ಜಾರ್ಲೆ

ರಜೆಗೆ ಮೈಸೂರಿಗೆ ಬಂದಾಗಲೆಲ್ಲ "ಅಲ್ಲಿ ಹೇಗೆ, ಇಲ್ಲಿ ಹೇಗೆ" ಅನ್ನುವ ಮಾತು ಬಂದೇ ಬರುತ್ತದೆ. ಸಾಮಾನ್ಯವಾಗಿ ನಾನು ಜಾರಿಕೊಳ್ಳುತ್ತೇನೆ. ರಸ್ತೆ, ಕಸ, ಟ್ರಾಫಿಕ್ಕು ಅಂತ ಹೋಲಿಸಿ ಹೋಲಿಸಿ ನಮ್ಮಂಥ ಹೊರನಾಡಿನವರು ಊರಿನವರ ತಲೆ ತಿಂದಿದ್ದು ಸಾಕು. ಆದರೆ ಕಾಡುಪ್ರಾಣಿ ನೋಡುವ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಅದಕ್ಕೆ ಕಾರಣ ಕೈಕೋರಾದಲ್ಲಿ ಕಳೆದ ಒಂದು ವೀಕೆಂಡು.

ನಾನಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಸುಮಾರು 180 ಕಿಲೋಮೀಟರ್ ಹೋದರೆ ಕೈಕೋರಾ. ಸಣ್ಣ ಊರು. ಬೆನ್ನಿಗೆ ಬೆಟ್ಟ, ಎದುರಿಗೆ ಸಮುದ್ರ. ದಡದಿಂದ ಸ್ವಲ್ಪ ಆಚೆಗೇ ಕಡಲ ತಳ ಒಮ್ಮೆಲೇ ಸಾವಿರ ಮೀಟರಿಗೂ ಆಳಕ್ಕೆ ಇಳಿದುಬಿಡುತ್ತದೆ. ಆ ಕಂದಕದಲ್ಲಿ ಮೇವು ಜಾಸ್ತಿ. ಅದಕ್ಕೇ ಸ್ಪರ್ಮ್ ತಿಮಿಂಗಿಲಗಳು, ಹೆಚ್ಚಾಗಿ ಗಂಡುಗಳು, ವರ್ಷವಿಡೀ ಅಲ್ಲಿರುತ್ತವೆ.

ಶನಿವಾರ ದೋಣಿ ಹತ್ತಿದೆವು. ಅಲೆ ಜೋರಾಗಿತ್ತು. ಅರ್ಧ ಜನ ಕವರ್ ಹಿಡಿದು ಕೂತಿದ್ದರು, ಅದರ ವಿವರ ಬೇಡ ಬಿಡಿ. ಒಂದು ಕಡೆ ಎಂಜಿನ್ ಆಫ್ ಮಾಡಿ ನೀರಿಗೆ ಮೈಕು ಇಳಿಸಿದರು. ಸ್ಪೀಕರಿನಲ್ಲಿ ಟಕ್, ಟಕ್, ಟಕ್. ಕೆಳಗೆ ಕತ್ತಲಲ್ಲಿ ತಿಮಿಂಗಿಲ ಬೇಟೆ ಹುಡುಕುವ ಸದ್ದು ಅದು. ಸದ್ದು ನಿಂತರೆ ಮೇಲೆ ಬರುತ್ತಿದೆ ಅಂತ ಲೆಕ್ಕ. ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ ಕೆಳಗೇ ಇರುತ್ತದಂತೆ. ಕಾಯುವುದೇ ಕೆಲಸ.

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಬುಸ್ಸೆಂದು ನೀರಿನ ಹನಿ ಎದ್ದಿತು, ಓರೆಯಾಗಿ, ಎಡಕ್ಕೆ. ಸ್ಪರ್ಮ್ ತಿಮಿಂಗಿಲಕ್ಕೆ ಉಸಿರು ಬಿಡುವ ತೂತು ತಲೆಯ ತುದಿಯಲ್ಲಿ ಎಡಗಡೆಗಿರುತ್ತದೆ. ಎಷ್ಟೇ ದೂರವಿದ್ದರೂ ಹಾಗೇ ಗುರುತು ಹಿಡಿಯುತ್ತಾರೆ. ಆಮೇಲೆ ಕಂಡಿದ್ದು ನೀರಲ್ಲಿ ತೇಲುವ ದಿಮ್ಮಿಯಂಥ ಬೆನ್ನು, ಅಷ್ಟೇ. ಹತ್ತು ನಿಮಿಷದ ಹತ್ತಿರ ಉಸಿರಾಡಿಕೊಂಡು ಬಿದ್ದಿತ್ತು. ಆಮೇಲೆ ಬೆನ್ನು ಬಾಗಿಸಿತು, ಬಾಲ ಎತ್ತಿತು, ಬಾಲದಿಂದ ನೀರು ಸುರಿಯುತ್ತಿದ್ದ ಹಾಗೇ ಇಳಿದುಹೋಯಿತು.

ಇಷ್ಟೂ ಹೊತ್ತು ನಮ್ಮ ದೋಣಿ ದೂರದಲ್ಲೇ ನಿಂತಿತ್ತು. ಅಲ್ಲಿ ತಿಮಿಂಗಿಲಕ್ಕೆ 50 ಮೀಟರಿಗಿಂತ ಹತ್ತಿರ ದೋಣಿ ಹೋಗುವಂತಿಲ್ಲ. 300 ಮೀಟರಿನ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ, ಇದ್ದವೂ ನಿಧಾನಕ್ಕೆ ಹೋಗಬೇಕು. 1992ರ ನಿಯಮ ಅದು. ದೋಣಿ ಕಂಪನಿಗಳು ನಡೆಯುವುದೇ ಪರ್ಮಿಟ್ಟಿನ ಮೇಲೆ. ಅದಕ್ಕಿಂತ ನನಗೆ ಆಶ್ಚರ್ಯವಾಗಿದ್ದು, ಒಬ್ಬರೂ "ಇನ್ನೊಂಚೂರು ಹತ್ರ ಹೋಗಿ" ಅನ್ನಲಿಲ್ಲ.

ಭಾನುವಾರ ಡಾಲ್ಫಿನ್ ಜೊತೆ ಈಜು. ನಾನು ಈಜು ಕಲಿತದ್ದು ಮಂಡ್ಯದ ಕಡೆ ನಾಲೆಯಲ್ಲಿ, ಟೈರ್ ಟ್ಯೂಬ್ ಕಟ್ಟಿಕೊಂಡು. ಆ ಧೈರ್ಯ ಪೆಸಿಫಿಕ್ ಸಾಗರದ ತಣ್ಣೀರಲ್ಲಿ ಎರಡು ನಿಮಿಷಕ್ಕೇ ಇಳಿದುಹೋಯಿತು. ದಪ್ಪ ರಬ್ಬರ್ ಸೂಟ್ ಹಾಕಿದ್ದರೂ ಹಲ್ಲು ಕಟಕಟ. ಗೈಡ್ ಹೇಳಿದ್ದು: ಕೈ ಚಾಚಬೇಡಿ, ಮುಟ್ಟಬೇಡಿ, ಉಸಿರಾಟದ ಕೊಳವೆಯಲ್ಲೇ ಏನಾದರೂ ಹಾಡಿ, ಮನಸ್ಸಾದರೆ ಅವೇ ಬರುತ್ತವೆ. ಬಾಯಿಗೆ ಬಂದ ಕನ್ನಡ ಹಾಡು ಗುನುಗಿದೆ. ಒಂದು ಡಸ್ಕಿ ಡಾಲ್ಫಿನ್ ಬಂದು, ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಾ ಎರಡು ಸುತ್ತು ಹಾಕಿತು. ನಾನೂ ತಿರುಗಿದೆ. ಬೇಜಾರಾಯಿತೋ ಏನೋ, ಹೊರಟುಹೋಯಿತು. ಗುಂಪಿನಲ್ಲಿ ಮರಿಗಳಿದ್ದರೆ ನೀರಿಗೇ ಇಳಿಯುವಂತಿಲ್ಲ.

ಇದನ್ನೆಲ್ಲ ಮಂಡ್ಯದ ದೊಡ್ಡಪ್ಪನ ಮನೆಯಲ್ಲಿ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣ್ಲಾ, ಅಷ್ಟು ದುಡ್ಡು ಕೊಟ್ಟು ಬರೀ ಬಾಲ ನೋಡ್ಕಂಡು ಬಂದ್ಯಾ?" ಅಂದರು. ಮನೆಯವರೆಲ್ಲ ನಕ್ಕರು. ನಿಜ, ಬಾಲವೇ. ಅದೂ ಸಿಗದಿದ್ದರೆ ಟಿಕೆಟ್ ದುಡ್ಡಲ್ಲಿ ನೂರಕ್ಕೆ 80 ವಾಪಸ್ ಕೊಡುತ್ತಾರೆ ಅಂದೆ. "ನಮ್ಮಲ್ಲಿ ಹಂಗ್ ಮಾಡುದ್ರೆ, ಕಂಡೋರೂ ಕಾಣ್ನಿಲ್ಲ ಅಂತಾರೆ" ಅಂದರು ದೊಡ್ಡಪ್ಪ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ನನ್ನ ವಾದ ಇದು. ದುಡ್ಡು ವಾಪಸ್ ಕೊಟ್ಟರೆ, ಹೇಗಾದರೂ ಮಾಡಿ ಪ್ರಾಣಿ ತೋರಿಸಲೇಬೇಕು ಅನ್ನುವ ಒತ್ತಡ ಓಡಿಸುವವನ ಮೇಲಿಂದ ಇಳಿಯುತ್ತದೆ. ನಮ್ಮಲ್ಲಿ ಸಫಾರಿ ಮುಗಿಸಿ ಬಂದವರಿಗೆ ಮೊದಲ ಪ್ರಶ್ನೆ "ಹುಲಿ ಸಿಕ್ತಾ?" ಅಂತ. ಸಿಗದಿದ್ದರೆ ಇಡೀ ಕಾಡೇ ವೇಸ್ಟು. ನದಿಯಲ್ಲಿ ದೋಣಿ ಹತ್ತಿದರೂ ಅಷ್ಟೇ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿದ್ದರೆ "ಹತ್ರ ಹೋಗಿ ಸಾರ್, ಮಕ್ಕಳಿಗೆ ಕಾಣ್ತಿಲ್ಲ" ಅನ್ನುವವರು ನಾವೇ. ಶಿಳ್ಳೆ ಹಾಕುವವರೂ ನಾವೇ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಸಂಸ್ಥಾನ 1940ರಲ್ಲೇ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸರ್ ತಾಣವೂ, ಅಂದರೆ ಜಗತ್ತೇ ಮಹತ್ವದ್ದೆಂದು ಗುರುತಿಸಿದ ಜೌಗು ಪ್ರದೇಶವೂ, ಆಯಿತು. ಇಷ್ಟು ಹಳೆಯ ಪಾಠ ಪಕ್ಕದಲ್ಲೇ ಇದ್ದೂ, ಸುಮ್ನೆ ಕೂತು ನೋಡುವುದು ನಮಗಿನ್ನೂ ಕಷ್ಟ.

ಹಾಗಂತ ಕೈಕೋರಾದವರು ಹುಟ್ಟಾ ಸಾಧುಗಳೇನಲ್ಲ. 1840ರ ದಶಕದಲ್ಲಿ ಆ ಊರು ಬೆಳೆದದ್ದೇ ತಿಮಿಂಗಿಲ ಬೇಟೆಯಿಂದ. ಫೈಫ್ ಹೌಸ್ ಅಂತ ಒಂದು ಹಳೇ ಮನೆಯಿದೆ. ಅದರ ಅಡಿಪಾಯಕ್ಕೆ ಹಾಕಿರುವುದು ತಿಮಿಂಗಿಲದ ಬೆನ್ನುಮೂಳೆಯ ತುಂಡುಗಳು. ಬೇಟೆ ಬಿಟ್ಟು ತೋರಿಸುವ ಕಸುಬಿಗೆ ಬಂದದ್ದು 1987ರಲ್ಲಿ, ಅದೂ ಕೆಲಸವಿಲ್ಲದೆ ಕಂಗೆಟ್ಟಿದ್ದ ಸ್ಥಳೀಯ ಮಾವೊರಿ (ನ್ಯೂಜಿಲೆಂಡಿನ ಮೂಲನಿವಾಸಿ) ಕುಟುಂಬಗಳು ಸಾಲ ಮಾಡಿ ದೋಣಿ ಇಳಿಸಿದಾಗ.

ಈ ಮಾತು ಬಂದಾಗ ನನಗೆ ನೆನಪಾಗುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ 50 ಮೀಟರಿನ ಲೆಕ್ಕವೇ ನಡೆಯುವುದಿಲ್ಲ. ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಗೂಡು ಕಟ್ಟುವುದು ಹಿತ್ತಲ ಹುಣಸೆ ಮರದಲ್ಲಿ. ಕೆಳಗೆ ದನ ಕಟ್ಟಿರುತ್ತಾರೆ, ಮೇಲಿಂದ ಹಿಕ್ಕೆ ಬೀಳುತ್ತಿರುತ್ತದೆ, ಮೀನಿನ ನಾತ ಬೇರೆ. ಹೆರಿಗೆಗೆ ತವರಿಗೆ ಬಂದ ಮಗಳು ಅಂತ ಊರವರು ಸುಮ್ಮನಿರುತ್ತಾರೆ. ಗೂಡಿರುವ ಮರದ ಹುಣಸೆಹಣ್ಣು ಬಡಿಯುವುದಿಲ್ಲ. ಬಿದ್ದ ಮರಿಗಳನ್ನು ಸಾಕಲು ಅಲ್ಲಿಯ ಹುಡುಗರ ಹೆಜ್ಜಾರ್ಲೆ ಬಳಗವೇ ಇದೆ. ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದು 2007ರಲ್ಲಿ. ಊರವರು ಯಾವ ಘೋಷಣೆಗೂ ಕಾದಿರಲಿಲ್ಲ.

ಆ ಊರಿನವರಿಗೆ ನ್ಯೂಜಿಲೆಂಡಿನ ನಿಯಮ ಹೇಳಹೋದರೆ ತಮಾಷೆ ಆದೀತು. ನಿಯಮ ಬೇಕಿರುವುದು ಕ್ಯಾಮೆರಾ ಹಿಡಿದು ಹೋಗುವ ನಮಗೆ. ಕಾರನ್ನು ಊರಾಚೆ ನಿಲ್ಲಿಸಿ ನಡೆದು ಹೋಗಬೇಕು, ಡ್ರೋನ್ ಹಾರಿಸಬಾರದು. ಮುಖ್ಯವಾಗಿ, ನೋಡಲು ಬಂದವರಿಂದ ಟಿಕೆಟ್ ದುಡ್ಡು ತೆಗೆದುಕೊಂಡು, ಬಡಿಯದೆ ಬಿಟ್ಟ ಹುಣಸೆಹಣ್ಣಿನ ಲೆಕ್ಕದಲ್ಲಿ ಮರದ ಯಜಮಾನರಿಗೆ ಕೊಡಬೇಕು. ಬಾಲಕ್ಕೆ ಡಾಲರ್ ಎಣಿಸಿದವನು ನಾನು, ಇದಕ್ಕೆ ಚೌಕಾಸಿ ಮಾಡುವುದಿಲ್ಲ.