ಗೇಮಿಂಗ್‌ಗೆ ವೈರ್‌ಲೆಸ್ ಮೌಸ್ ಬೇಕಾ? ಇಬ್ಬರು ಭಾವಂದಿರ ಪರ-ವಿರೋಧ

ಪರ: ಬದಿಯಡ್ಕದಿಂದ

ನಮ್ಮದು ಹಳೆಯ ಹಂಚಿನ ಮನೆ. ಕಂಪ್ಯೂಟರ್ ಕೋಣೆಯ ಮೇಲೆಯೇ ಅಟ್ಟ, ಅಟ್ಟದಲ್ಲಿ ತೆಂಗಿನಕಾಯಿ, ತೆಂಗಿನಕಾಯಿ ಇದ್ದಲ್ಲಿ ಇಲಿ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನನ್ನ ಮೌಸಿನ ವೈರನ್ನು ಕಡಿದು ಹಾಕಿತು. ಬೆಳಿಗ್ಗೆ ನೋಡಿದರೆ ಮೇಲಿನ ಕಪ್ಪು ಸಿಪ್ಪೆ ಹೋಗಿತ್ತು. ಒಳಗಿನ ಕೆಂಪು, ಕಪ್ಪು, ಹಸಿರು, ಬಿಳಿ ನಾಲ್ಕು ಎಳೆಗಳಲ್ಲಿ ಮೂರು ತುಂಡು. ವೈರ್‌ಲೆಸ್ ತಗೊಳ್ಳಲು ಅದೊಂದು ನೆಪ ಆಯ್ತು. ಆದರೆ ಆಮೇಲೆ ನಾನು ವೈರಿಗೆ ವಾಪಸ್ ಹೋಗದೇ ಇರಲು ಕಾರಣ ಬೇರೆ.

ನಾನು ಆಡುವುದು ವ್ಯಾಲರಂಟ್, ಗುರಿಯಿಟ್ಟು ಗುಂಡು ಹಾರಿಸುವ ಆನ್‌ಲೈನ್ ಆಟ. ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಣಿಸುವ ಚುಕ್ಕೆಗಳ ಲೆಕ್ಕ) 800, ಆಟದೊಳಗಿನ ಸೆನ್ಸಿಟಿವಿಟಿ, ಅಂದರೆ ಕೈಗೆ ತಕ್ಕ ಹಾಗೆ ನೋಟ ತಿರುಗುವ ವೇಗ, ತುಂಬಾ ಕಡಿಮೆ. ಹಿಂದಿನಿಂದ ಯಾರಾದರೂ ಬಂದರೆ ಪೂರ್ತಿ ತಿರುಗಲು ಮೌಸನ್ನು ಒಂದು ಗೇಣಿಗಿಂತ ಜಾಸ್ತಿ ಎಳೆಯಬೇಕು, ಮಣಿಕಟ್ಟು ಮಾತ್ರ ಅಲ್ಲ, ಮೊಣಕೈಯಿಂದಲೇ ಕೈ ಓಡಬೇಕು. ಹಾಗೆ ಎಳೆಯುವಾಗ ವೈರ್ ಮಾನಿಟರಿನ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲ ಅಂದರೆ ಮೇಜಿನ ಅಂಚಿಗೆ ಉಜ್ಜುತ್ತದೆ. ಚೂರೇ ಚೂರು ಎಳೆತ ಅಷ್ಟೇ. ಆದರೆ ಗುರಿ ತಪ್ಪಲು ಅಷ್ಟು ಸಾಕು. ವೈರ್ ಇಲ್ಲದ ಮೌಸ್ ಹಿಡಿದ ಮೊದಲ ವಾರವೇ ನನಗೆ ಗೊತ್ತಾಯ್ತು, ಇಷ್ಟು ವರ್ಷ ನಾನು ವೈರ್ ಎಳೆಯುವ ಭಾರವನ್ನು ಲೆಕ್ಕ ಹಾಕಿಯೇ ಕೈ ಆಡಿಸುತ್ತಿದ್ದೆ.

ವೈರ್‌ಲೆಸ್ಸಿನಲ್ಲಿ ಲ್ಯಾಗ್ ಆಗುತ್ತದೆ, ಅಂದರೆ ಕೈ ಆಡಿಸಿದ್ದು ಪರದೆಗೆ ತಡವಾಗಿ ಬರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಬ್ಲೂಟೂತಿನಲ್ಲಿ ಆಡಿದರೆ ಆ ಮಾತು ನಿಜ. ಆಫೀಸು ಕೆಲಸದ ಮೌಸ್ ಸಾಮಾನ್ಯವಾಗಿ ಸೆಕೆಂಡಿಗೆ 125 ಸಲ ತನ್ನ ಜಾಗ ಹೇಳುತ್ತದೆ, ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ. ಗೇಮಿಂಗ್ ಮೌಸ್ ತನ್ನದೇ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಮೂಲಕ 1000 ಸಲ ಹೇಳುತ್ತದೆ, 1 ಮಿಲಿಸೆಕೆಂಡಿಗೆ ಒಂದು ಸಲ. ವೈರ್ ಇರುವ ಗೇಮಿಂಗ್ ಮೌಸಿಗೂ ಇದೇ ಲೆಕ್ಕ. ಇನ್ನು 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ ಬದಲಾಗಲು ಸುಮಾರು 17 ಮಿಲಿಸೆಕೆಂಡ್ ಬೇಕು, ಅದರ ಮೇಲೆ ನಮ್ಮೂರಿನಿಂದ ಆಟದ ಮುಂಬಯಿ ಸರ್ವರಿಗೆ ಹೋಗಿ ಬರುವ ಸಮಯ, ಅಂದರೆ ಪಿಂಗ್, ಬೇರೆ. ಮಳೆ ಜೋರಾಗಿ ನೆಟ್ ಕೈಕೊಟ್ಟಾಗ ಸೋತರೆ ಅದಕ್ಕೆ ಮೌಸನ್ನು ಬೈಯುವುದು ಸರಿಯಲ್ಲ.

ವೈರ್‌ಲೆಸ್ ಮೌಸ್ ಭಾರ ಅನ್ನುವ ಮಾತೂ ಹಳೆಯದಾಯ್ತು. 2018ರಲ್ಲಿ ಬಂದ ಲಾಜಿಟೆಕ್ ಜಿ ಪ್ರೋ ವೈರ್‌ಲೆಸ್ 80 ಗ್ರಾಂ ಇತ್ತು. ಅದೇ ಕಂಪನಿಯ 2020ರ ಸೂಪರ್‌ಲೈಟ್ 63 ಗ್ರಾಮಿನ ಒಳಗೆ ಬಂತು. ವೈರ್ ಇರುವ ಎಷ್ಟೋ ಮೌಸುಗಳು ಇದಕ್ಕಿಂತ ಭಾರ. ದೊಡ್ಡ ದೊಡ್ಡ ಪಂದ್ಯಗಳಲ್ಲಿ ಆಡುವವರೇ ವೈರ್ ಬಿಟ್ಟಿದ್ದಾರೆ. ಸೋತರೆ ಸಂಬಳಕ್ಕೇ ಕುತ್ತು ಬರುವವರು ನಂಬಿಕೆ ಇಲ್ಲದ ವಸ್ತುವನ್ನು ಕೈಯಲ್ಲಿ ಹಿಡಿಯುತ್ತಾರಾ?

ಚಾರ್ಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲಗುವ ಮೊದಲು ಮೊಬೈಲ್ ಜೊತೆ ಅದನ್ನೂ ಸಿಕ್ಕಿಸಿದರೆ ಆಯ್ತು.

ವಿರೋಧ: ಮಂಜೇಶ್ವರದಿಂದ

ಲ್ಯಾಗ್ ವಿಷಯದಲ್ಲಿ ಭಾವ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಜಗಳ ಮುಗಿದಿದೆ. ನನ್ನ ತಕರಾರು ದುಡ್ಡಿನದ್ದು, ಬಾಳಿಕೆಯದ್ದು.

ನಾನೂ ಒಂದು ತಗೊಂಡಿದ್ದೆ. ಎಎ ಬ್ಯಾಟರಿ ಹಾಕುವಂಥದ್ದು, ನೂರಾರು ಗಂಟೆ ಬರುತ್ತದೆ ಅನ್ನುವ ಆಸೆಗೆ. ಒಂದು ಎಎ ಸೆಲ್ಲೇ 23 ಗ್ರಾಂ ಹತ್ತಿರ ತೂಗುತ್ತದೆ, ಅದೂ ಮೌಸಿನ ಹಿಂಭಾಗದಲ್ಲಿ, ಹಾಗಾಗಿ ಎತ್ತಿ ಇಡುವಾಗ ಬಾಲ ಜಗ್ಗಿದ ಹಾಗೆ ಆಗುತ್ತದೆ. ಅದಕ್ಕೆ ಹೊಂದಿಕೊಂಡೆ. ಆಮೇಲೆ ಪರೀಕ್ಷೆ ಅಂತ ಎರಡು ತಿಂಗಳು ಮುಟ್ಟಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಮತ್ತೆ ತೆಗೆದು ನೋಡಿದರೆ ಬ್ಯಾಟರಿ ಗುಂಡಿಯ ತುಂಬಾ ಸುಣ್ಣದ ಹಾಗೆ ಬಿಳಿ ಪುಡಿ. ಸೆಲ್ ಸೋರಿ ಸ್ಪ್ರಿಂಗನ್ನು ತಿಂದು ಹಾಕಿತ್ತು. ಹತ್ತಿಗೆ ವಿನೆಗರ್ ಹಚ್ಚಿ ಮೆಲ್ಲ ಒರೆಸಿದೆ, ಸ್ಪ್ರಿಂಗ್ ಕೈಗೇ ಬಂತು. ಪಕ್ಕದ ರಬ್ಬರ್ ಹಿಡಿಯೂ ಹಲಸಿನ ಮೇಣದಷ್ಟು ಅಂಟುತ್ತಿತ್ತು. ಕಡಲ ಪಕ್ಕದ ಮನೆಯಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಬರುತ್ತದೆ, ಸಣ್ಣ ಸಣ್ಣ ತಗಡು ಎಷ್ಟು ದಿನ ಬಾಳೀತು?

ಒಳಗೇ ಲಿಥಿಯಂ ಬ್ಯಾಟರಿ ಇರುವುದು ತಗೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಮೊಬೈಲ್ ಬ್ಯಾಟರಿಯ ಹಾಗೆ ಅದೂ ವರ್ಷ ಹೋದ ಹಾಗೆ ಸೊರಗುತ್ತದೆ. ಬದಲಿಸಬೇಕಾದರೆ ಅಡಿಯ ಅಂಟು ಪಟ್ಟಿ ಕಿತ್ತು ಸ್ಕ್ರೂ ಬಿಚ್ಚಬೇಕು, ಆ ಅಳತೆಯ ಬ್ಯಾಟರಿ ನಮ್ಮ ಪೇಟೆಯಲ್ಲಿ ಸಿಗಬೇಕಲ್ವಾ? ಇಲ್ಲ ಅಂದರೆ ತಲಪಾಡಿ ದಾಟಿ ಮಂಗಳೂರು ಸುತ್ತಬೇಕು, ಅರ್ಧ ದಿನ ಹೋಯ್ತು. ಉಗುರಿನಷ್ಟು ದೊಡ್ಡ ಆ ಡಾಂಗಲ್ ಕಳೆದುಹೋದರಂತೂ ಕಷ್ಟ. ಹೊಂದುವ ಇನ್ನೊಂದು ಸಿಗುವ ತನಕ ಮೌಸ್ ಸುಮ್ನೆ ಮೇಜಿನ ಮೇಲೆ ಕೂತಿರುತ್ತದೆ.

ಇನ್ನೊಂದು ತೊಂದರೆಯ ಕಾರಣ ನನಗೆ ಎಷ್ಟೋ ದಿನ ತಿಳಿಯಲೇ ಇಲ್ಲ. ಹಾರ್ಡ್ ಡಿಸ್ಕಿನಿಂದ ಫೈಲ್ ಕಾಪಿ ಮಾಡುವಾಗೆಲ್ಲ ಮೌಸ್ ತಡವರಿಸುತ್ತಿತ್ತು. ಆ ಡಿಸ್ಕ್ ಸಿಕ್ಕಿಸಿದ ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ. ಮೌಸ್ ಮಾತಾಡುವುದೂ ಅದೇ ಅಲೆಯಲ್ಲಿ, ಮನೆಯ ವೈಫೈ ಕೂಡ ಹೆಚ್ಚಾಗಿ ಅದರಲ್ಲೇ. ಪರಿಹಾರ ಇದೆ: ಡಾಂಗಲನ್ನು ಒಂದು ಎಕ್ಸ್‌ಟೆನ್ಷನ್ ಕೇಬಲಿಗೆ ಹಾಕಿ ಮೌಸಿನ ಹತ್ತಿರ ತಂದಿಡಬೇಕು. ಆಗ ಮೇಜಿನ ಮೇಲೆ ಮತ್ತೆ ಒಂದು ವೈರ್ ಬಂದೇ ಬಂತು.

ಒಳ್ಳೆಯ ವೈರ್‌ಲೆಸ್ ಬೇಕಾದರೆ ಆರೇಳು ಕಿಲೋ ಚಾಲಿ ಅಡಿಕೆ ಮಾರಿದ ದುಡ್ಡು ಬೇಕು. ಹಗುರದ್ದು ಬೇಕಾದರೆ ಅದರ ಎಷ್ಟೋ ಪಟ್ಟು. ಆರೇಳು ಕಿಲೋದ ಆ ದುಡ್ಡಿನಲ್ಲೇ ಒಳ್ಳೆಯ ಸೆನ್ಸರಿನ ವೈರ್ ಮೌಸ್ ಒಂದು, ದೊಡ್ಡ ಬಟ್ಟೆಯ ಪ್ಯಾಡ್ ಒಂದು, ವೈರನ್ನು ಎತ್ತಿ ಹಿಡಿಯುವ ಬಂಜೀ ಒಂದು ಬರುತ್ತದೆ. ಬಂಜೀ ಹಾಕಿದ ಮೇಲೆ ವೈರ್ ಮೇಜಿಗೆ ತಾಗುವುದೇ ಇಲ್ಲ, ಎಳೆತ ಮುಕ್ಕಾಲು ಪಾಲು ಹೋಗುತ್ತದೆ. ಆಟ ಈಗಷ್ಟೇ ಶುರು ಮಾಡಿದ ಹುಡುಗರು ಅಪ್ಪನ ಹತ್ತಿರ ದುಡ್ಡು ಕೇಳುವ ಮೊದಲು ಇದನ್ನು ಒಂದು ಸಲ ಆಡಿ ನೋಡಲಿ.

ಭಾವ, ಇನ್ನು ನಿನ್ನ ಇಲಿ. ಸಿಡಿಲು ಗುಡುಗು ಅಂದ ಕೂಡಲೇ ನೀನು ಹೇಗೂ ಎಲ್ಲ ಪ್ಲಗ್ ತೆಗೆಯುತ್ತೀಯಲ್ಲ, ಹಾಗೇ ಆಟ ಮುಗಿದ ಮೇಲೆ ಮೌಸನ್ನೂ ತೆಗೆದು ವೈರ್ ಸುತ್ತಿ ಡ್ರಾವರಿನಲ್ಲಿಡು. ನನ್ನ ವೈರ್ ಮೌಸಿಗೆ ಈಗ ಐದನೇ ಮಳೆಗಾಲ.