ಸ್ಟ್ರಿಪ್ ಮುಗಿದ್ಮೇಲೆ ಸಂಬಳ ಬರೋವರೆಗೂ

ಬರ್ತ್ ಕಂಟ್ರೋಲ್ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು "ಅಯ್ಯೋ, ಒಂದು ಸ್ಟ್ರಿಪ್ ಮಾತ್ರೆಗೆ ಮಹಾ ಎಷ್ಟಾಗತ್ತೆ" ಅಂತಾರೆ. ಹಾಗನ್ನೋರು ಅದನ್ನ ತಿಂಗಳು ತಿಂಗಳು ವರ್ಷಗಟ್ಟಲೆ ತಮ್ಮ ಜೇಬಿಂದ ಕೊಟ್ಟು ತಗೊಂಡಿರೋರಲ್ಲ ಬಿಡಿ. ಡಾಕ್ಟರ್ ಫೀಸು, ಅವರು ಬರೆಯೋ ಟೆಸ್ಟು, ಹೋಗಿ ಬರೋ ಖರ್ಚು, ಕಟ್ ಆಗೋ ಅರ್ಧ ದಿನದ ಸಂಬಳ, ಅಷ್ಟೊತ್ತು ಮಗು ನೋಡ್ಕೊಳ್ಳಿ ಅಂತ ಯಾರನ್ನೋ ಬೇಡ್ಕೊಳ್ಳೋದು, ಇದ್ಯಾವುದೂ ಸ್ಟ್ರಿಪ್ ಮೇಲೆ ಪ್ರಿಂಟ್ ಆಗಿರಲ್ಲ.

ಆದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರೋದು ಬೇರೆ ವಿಷ್ಯಕ್ಕೆ. ತಿಂಗಳಿಗೊಂದೇ ಸ್ಟ್ರಿಪ್ ಅಂತ ಚಿಲ್ಲರೆ ಲೆಕ್ಕದಲ್ಲಿ ಕೊಡ್ತಾರಲ್ಲ, ಅದಕ್ಕೆ.

ಮಾಮೂಲಿ 28 ಮಾತ್ರೆ ಇರೋ ಪ್ಯಾಕ್ ಒಂದನ್ನ ತೆಗೆದು ನೋಡಿ. 21 ಮಾತ್ರೆ ಒಂದು ಬಣ್ಣ, ಕೊನೇ 7 ಬೇರೆ ಬಣ್ಣ. ಹಾರ್ಮೋನ್ ಇರೋದು ಆ 21ರಲ್ಲಿ ಮಾತ್ರ, ಮಿಕ್ಕ 7 ಕಬ್ಬಿಣದ ಮಾತ್ರೆ ಇಲ್ಲಾ ಏನೂ ಇಲ್ಲದ ಮಾತ್ರೆ, ದಿನಾ ನುಂಗೋ ಅಭ್ಯಾಸ ತಪ್ಪದೆ ಇರ್ಲಿ ಅಂತ ಇಟ್ಟಿರೋದು. ಆ 7 ದಿನ ಹಾರ್ಮೋನ್ ಸಿಗದೆ ಅಂಡಾಶಯ ಮೆಲ್ಲಗೆ ಎಚ್ಚರ ಆಗ್ತಾ ಇರತ್ತೆ, ಟೈಮಿಗೆ ಸರಿಯಾಗಿ ಹೊಸ ಸ್ಟ್ರಿಪ್ ಶುರು ಮಾಡಿದ್ರೆ ಮತ್ತೆ ಸುಮ್ನಾಗತ್ತೆ. ಮಾಡ್ಲಿಲ್ಲ ಅಂದ್ರೆ? ಅಂಡಾಣು ಹೊರಬಂದು ಬಸಿರಾಗಬಹುದು. ಎಲ್ರೂ ಅನ್ಕೊಂಡಿರೋದು ನಡುವೆ ಯಾವತ್ತೋ ಒಂದು ಮಾತ್ರೆ ಮರೆತ್ರೆ ಕಥೆ ಮುಗೀತು ಅಂತ, ಅಸಲಿಗೆ ಅದಕ್ಕಿಂತ ಡೇಂಜರ್ ಹೊಸ ಸ್ಟ್ರಿಪ್ ಎರಡು ಮೂರು ದಿನ ತಡ ಆಗೋದು. ಈಗ ಯೋಚನೆ ಮಾಡಿ, ತಿಂಗಳಿಗೊಂದು ಸ್ಟ್ರಿಪ್ ಕೊಳ್ಳೋರಿಗೆ ಕೈ ಖಾಲಿಯಾಗಿ ತಡ ಆಗೋದು ಕರೆಕ್ಟಾಗಿ ಯಾವ ಜಾಗದಲ್ಲಿ? ಅದೇ ಜಾಗದಲ್ಲೇ! ನನ್ನ ಗೆಳತಿ ಒಬ್ಬಳು "ಸಂಬಳ ಬಂದ್ಮೇಲೆ ಶುರು ಮಾಡ್ತೀನಿ ಬಿಡೆ, ಎರಡು ದಿನ ತಾನೇ" ಅಂತಿದ್ಲು, ಆ ಎರಡು ದಿನದ ಅರ್ಥ ಏನು ಅಂತ ಅವಳಿಗೆ ಯಾವ ಡಾಕ್ಟರೂ ಹೇಳಿರ್ಲಿಲ್ಲ.

ಇದು ನಾನು ಕೂತಲ್ಲೇ ಹೊಸೆದ ಥಿಯರಿ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ದೊಡ್ಡ ಅಧ್ಯಯನ ಆಗಿತ್ತು, 2011ರಲ್ಲಿ ಪ್ರಕಟ ಆಯ್ತು. ಒಂದೇ ಸಲಕ್ಕೆ ವರ್ಷದ ಮಾತ್ರೆ ತಗೊಂಡ ಹೆಂಗಸರಲ್ಲಿ, ಒಂದು ಇಲ್ಲಾ ಮೂರು ತಿಂಗಳದ್ದು ತಗೊಂಡೋರಿಗಿಂತ, ಬೇಡದ ಬಸಿರಿನ ಸಾಧ್ಯತೆ ಸುಮಾರು 30% ಕಮ್ಮಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಒಂದು ವರ್ಷದವರೆಗಿನ ಮಾತ್ರೆ ಒಟ್ಟಿಗೆ ಕೊಡಬಹುದು ಅಂತಾನೇ ಹೇಳತ್ತೆ. ಆದ್ರೂ ಕೌಂಟರ್‌ನಲ್ಲಿ ಆರು ಸ್ಟ್ರಿಪ್ ಕೇಳಿದ್ರೆ ಏನೋ ಕಳ್ಳಸಾಗಣೆ ಮಾಡ್ತಿದ್ದೀವಿ ಅನ್ನೋ ಥರ ನೋಡ್ತಾರೆ.

ಇನ್ನೊಂದು ಟೆಸ್ಟುಗಳ ಗೋಳು. ಆರೋಗ್ಯವಾಗಿರೋ ಹೆಂಗಸಿಗೆ ಮಾತ್ರೆ ಶುರು ಮಾಡೋಕೆ ಮುಖ್ಯವಾಗಿ ಬೇಕಾಗಿರೋದು ಬಿಪಿ ನೋಡೋದು, ಆಮೇಲೆ ನಾಲ್ಕು ಪ್ರಶ್ನೆ ಸರಿಯಾಗಿ ಕೇಳೋದು: 35 ದಾಟಿದೆಯಾ, ಸಿಗರೇಟ್ ಇದೆಯಾ, ಕಣ್ಮುಂದೆ ಮಿಂಚು ಬಂದು ಶುರುವಾಗೋ ಮೈಗ್ರೇನ್ ಇದೆಯಾ, ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಇತ್ತೀಚೆಗೆ ಹೆರಿಗೆ ಆಗಿದೆಯಾ. (ಐದಾಯ್ತು, ಇರ್ಲಿ.) ಒಳಗಿನ ಪರೀಕ್ಷೆ, ಸ್ಕ್ಯಾನು ಎಲ್ಲ ಮಾಮೂಲಿಯಾಗಿ ಬೇಕಿಲ್ಲ. ಆದ್ರೆ ಬರೀತಾರೆ, ನಾವೂ ಕಟ್ತೀವಿ.

ಕಾಪರ್ ಟಿ ಲೆಕ್ಕ ಇನ್ನೂ ವಿಚಿತ್ರ. ಗರ್ಭಕೋಶದೊಳಗೆ ಇಡೋ, ಬೆರಳಷ್ಟೂ ಉದ್ದ ಇಲ್ಲದ ಪ್ಲಾಸ್ಟಿಕ್ ಟಿ, ಅದಕ್ಕೆ ಸುತ್ತಿದ ತಾಮ್ರದ ತಂತಿ, ಕೆಳಗೆ ಎರಡು ದಾರ, ಅಷ್ಟೇ. ಅದ್ರಲ್ಲಿ 380ಎ ಅನ್ನೋ ಮಾದರಿ 10 ವರ್ಷ ಕೆಲಸ ಮಾಡತ್ತೆ. ವರ್ಷಕ್ಕೆ ಭಾಗಿಸಿದ್ರೆ ತುಂಬಾ ಅಗ್ಗ, ಆದ್ರೆ ಅಷ್ಟೂ ದುಡ್ಡು ಮೊದಲನೇ ದಿನವೇ ಎಣಿಸಬೇಕು. ಹಾಗಾಗಿ ಕಾಸಿರೋರಿಗೆ ಅಗ್ಗದ ದಾರಿ, ಇಲ್ಲದೋರಿಗೆ ದುಬಾರಿ ದಾರಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2007ರಿಂದ ಒಂಬತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಸರಿಯಾಗಿ ವಿವರಿಸಿ, ಯಾವುದು ಬೇಕೋ ಆರಿಸ್ಕೊಳ್ಳಿ, ಪೂರ್ತಿ ಫ್ರೀ ಅಂದಾಗ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನ ಆರಿಸಿದ್ದು ಇಂಥ ವರ್ಷಗಟ್ಟಲೆ ಬಾಳೋವೇ, ಗರ್ಭಕೋಶದೊಳಗೆ ಇಡೋ ಸಾಧನ ಇಲ್ಲಾ ತೋಳಿನ ಚರ್ಮದಡಿ ಇಡೋ ಹಾರ್ಮೋನ್ ಕಡ್ಡಿ, ಅಂದ್ರೆ ಇಂಪ್ಲಾಂಟ್. ಹಾಗಂತ ಎಲ್ರೂ ಕಾಪರ್ ಟಿ ಹಾಕಿಸ್ಕೊಳ್ಳಿ ಅಂತ ನಾನು ಹೇಳ್ತಿಲ್ಲ, ಕೆಲವರಿಗೆ ಬ್ಲೀಡಿಂಗ್ ಜಾಸ್ತಿ ಆಗತ್ತೆ, ಹೊಟ್ಟೆನೋವು ಬರತ್ತೆ. ಅದಕ್ಕೇ ಹಾಕೋದು ಎಷ್ಟು ಸುಲಭವೋ ತೆಗೆಯೋದೂ ಅಷ್ಟೇ ಸುಲಭ ಇರ್ಬೇಕು. ಫ್ರೀಯಾಗಿ ಹಾಕಿ, ತೆಗೀರಿ ಅಂದ್ರೆ "ಸ್ವಲ್ಪ ದಿನ ನೋಡಿ ಅಮ್ಮಾ" ಅಂತ ಸತಾಯಿಸೋದು ಯಾವ ಸೀಮೆ ಫ್ರೀ?

ಎಮರ್ಜೆನ್ಸಿ ಮಾತ್ರೆನೇ ಸಾಕು, ಬೇಕಾದಾಗ ಮಾತ್ರ ಖರ್ಚು ಅನ್ನೋರಿಗೆ ಒಂದು ಮಾತು. ಲೆವೊನೋರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್ ಇರೋ ಆ ಮಾತ್ರೆನ ಸೆಕ್ಸ್ ಆದ 72 ಗಂಟೆಯೊಳಗೆ ತಗೊಳ್ಳೋದು, ಅದ್ರಲ್ಲೂ ಎಷ್ಟು ಬೇಗ ಅಷ್ಟು ಒಳ್ಳೇದು. ಮಾಮೂಲಿ ವಿಧಾನದಷ್ಟು ಗ್ಯಾರಂಟಿ ಇಲ್ಲ, ಪದೇ ಪದೇ ತಗೊಂಡ್ರೆ ದುಡ್ಡೂ ಉಳಿಯಲ್ಲ.

ಸರ್ಕಾರಕ್ಕೆ ಇದನ್ನೆಲ್ಲ ಫ್ರೀಯಾಗಿ ಕೊಡೋಕೆ ಆಗಲ್ಲ ಅನ್ನೋ ಮಾತಂತೂ ಸುಳ್ಳು. ಬ್ರಿಟನ್‌ನಲ್ಲಿ ಸರ್ಕಾರಿ ಆರೋಗ್ಯ ಸೇವೆ 1974ರಿಂದ ಎಲ್ರಿಗೂ ಉಚಿತವಾಗಿ ಕೊಡ್ತಾ ಇದೆ, ಫ್ರಾನ್ಸ್ 2022ರಲ್ಲಿ 25ರವರೆಗಿನ ಹೆಣ್ಮಕ್ಕಳಿಗೆ ಫ್ರೀ ಮಾಡ್ತು.

ಇಷ್ಟೆಲ್ಲ ಓದಿ "ನಮ್ದೇನಿದೆ ಇದ್ರಲ್ಲಿ" ಅನ್ನೋ ಗಂಡಸರಿಗೆ: ಇನ್ನು ಮಕ್ಕಳು ಬೇಡ ಅಂತ ತೀರ್ಮಾನ ಆಗಿದ್ರೆ ವಾಸೆಕ್ಟಮಿ, ಅಂದ್ರೆ ಗಂಡಸರ ಸಂತಾನಹರಣ ಆಪರೇಷನ್, ಇದೆ. ಹೆಂಗಸರ ಆಪರೇಷನ್‌ಗಿಂತ ಚಿಕ್ಕದು, ರಿಸ್ಕ್ ಕಮ್ಮಿ, ಖರ್ಚೂ ಕಮ್ಮಿ, ಆ ಭಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಸ್ತಾರೆ. ಪರಿಣಾಮ ಬರೋಕೆ ಮೂರು ತಿಂಗಳು ಬೇಕು, ಅಲ್ಲಿವರೆಗೂ ಬೇರೆ ವಿಧಾನ ಇರ್ಲೇಬೇಕು. ಆ ಮೂರು ತಿಂಗಳ ಕಾಂಡೋಮ್‌ನಾದ್ರೂ ನೀವೇ ಹೋಗಿ ತನ್ನಿ.